ನಾಯಿಮರಿಯ ಕ್ರೇಟ್ ಬಾಲ್ಕನಿಯಲ್ಲಿ ಬೇಡ

ಸಂಪಾದಕರೇ,

ಮುಂಬೈಯ ಚಿಕ್ಕ ಫ್ಲ್ಯಾಟುಗಳಲ್ಲಿ ನಾಯಿಮರಿ ತಂದವರು ಜಾಗವಿಲ್ಲವೆಂದು ಅದರ ಕ್ರೇಟನ್ನು, ಅಂದರೆ ಮರಿ ಮಲಗುವ ಬಾಗಿಲಿರುವ ಗೂಡನ್ನು, ಬಾಲ್ಕನಿಗೆ ತಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಲುಂಡಿನ ನಮ್ಮ ಮನೆಯಲ್ಲಿ ನಾವೂ ಅದೇ ತಪ್ಪು ಮಾಡಿದ್ದೆವು. 2 ತಿಂಗಳ ಮರಿ ರಾತ್ರಿಯಿಡೀ ಕುಂಯ್‌ಗುಟ್ಟಿತು, ಬೆಳಿಗ್ಗೆ ನೋಡಿದರೆ ಹಾಸಿದ್ದ ಹಳೇ ಸೀರೆಯೆಲ್ಲಾ ಒದ್ದೆ, ಮರಿ ಮೂಲೆಗೆ ಒತ್ತಿಕೊಂಡು ನಡುಗುತ್ತಿತ್ತು. ತಾಯಿಯ ಮೈಬಿಸಿ ಬಿಟ್ಟು ಬಂದ ಕೂಸು ಅಲ್ವಾ ಅದು! ಮರುದಿನವೇ ಕ್ರೇಟನ್ನು ಮಂಚದ ಪಕ್ಕಕ್ಕೆ ತಂದೆವು. ಕೈ ಇಳಿಬಿಟ್ಟರೆ ಅದರ ಮೂಗಿಗೆ ತಾಗುವಷ್ಟು ಹತ್ತಿರ. ಅಳು ನಿಂತಿತು. ಅಷ್ಟು ಎಳೆಯ ಮರಿ 2-3 ಗಂಟೆಗಿಂತ ಜಾಸ್ತಿ ಮೂತ್ರ ತಡೆದುಕೊಳ್ಳಲಾರದು, ಹತ್ತಿರವಿದ್ದರೆ ಅದು ಮಿಸುಕಾಡಿದ ಕೂಡಲೇ ನಮಗೆ ಎಚ್ಚರವಾಗುತ್ತದೆ, ಪೇಪರ್ ಹಾಸಿದ ಜಾಗಕ್ಕೆ ಎತ್ತಿಕೊಂಡು ಹೋಗಬಹುದು.

ಹಗಲು ಕ್ರೇಟನ್ನು ಹಾಲ್‌ನಲ್ಲಿ, ಮನೆಮಂದಿ ಕಾಣುವ ಹಾಗೆ ಗೋಡೆಯ ಬದಿಗಿಡಿ. ಟಿವಿ ಪಕ್ಕ ಬೇಡ, ವೈರು ಬಾಯಿಗೆ ಸಿಗುವಲ್ಲಂತೂ ಬೇಡವೇ ಬೇಡ. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ತೇಕಿಯೇ ತಂಪಾಗಬೇಕು, ಹಾಗಾಗಿ ಮೇ ತಿಂಗಳ ಬಿಸಿಲಿಗೆ ಬಾಲ್ಕನಿಯಲ್ಲಿ ಜೀವಕ್ಕೇ ಅಪಾಯ. ಜೂನ್ ಬಂದರೆ ಇರಚಲು. ಇನ್ನೊಂದು ಮಾತು, ಶಿಕ್ಷೆಗೆಂದು ಮರಿಯನ್ನು ಕ್ರೇಟಿನೊಳಗೆ ಕೂಡಿಹಾಕಲೇಬೇಡಿ.

– ಓದುಗರೊಬ್ಬರು, ಮುಲುಂಡ್, ಮುಂಬೈ