ಇನ್ನು ಮೇಲೆ ಹಳೇ ಬೆಲ್ಟ್ ಹೊಲಿದು ಕೊಡುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಅಡಿಕೆ ತೋಟದ ಯಜಮಾನರಿಗೆ, ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವ ಕೊನೆಗಾರ ಅಣ್ಣಂದಿರಿಗೆ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಈ ಮೇ 1ರಿಂದ ನಮ್ಮ ಅಂಗಡಿಯಲ್ಲಿ ಮರ ಹತ್ತುವ ಬೆಲ್ಟಿನ ರಿಪೇರಿ ನಿಲ್ಲಿಸಿದ್ದೇವೆ. ಸವೆದ ಜಾಗಕ್ಕೆ ತೇಪೆ ಹಾಕುವುದು, ಪಟ್ಟಿ ಬದಲಿಸುವುದು, ಕಿತ್ತ ಹೊಲಿಗೆ ಮತ್ತೆ ಹಾಕುವುದು, ಯಾವುದೂ ಇಲ್ಲ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟನ್ನೂ ಇನ್ನು ಮಾರುವುದಿಲ್ಲ. ತೊಡೆ, ಭುಜ ಎಲ್ಲ ಹಿಡಿಯುವ ಪೂರ್ತಿ ಬೆಲ್ಟ್ ಮತ್ತು ಜೋಡಿ ಹಗ್ಗ ಸೇರಿದ ಸೆಟ್ ಮಾತ್ರ ಸಿಗುತ್ತದೆ. ಅದರ ಬೆಲೆ ₹5,200 ಇದ್ದದ್ದು ₹6,400 ಆಗಿದೆ. ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲು ಹಾಕುವ ಬೆಲ್ಟಿಗೆ ಐದು ವರ್ಷದ ಮಿತಿ ಇಟ್ಟಿದ್ದೇವೆ.

ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿ ಏನೇನೋ ಆಗಿದೆ. "ರಿಪೇರಿ ನಿಲ್ಲಿಸಿದ್ದು ಹೊಸದು ಮಾರೋಕೆ" ಅಂತ ಸಂತೆಯಲ್ಲೇ ಒಬ್ಬರು ಹೇಳಿದರು. ನಮಗೆ ಬೇಜಾರಾಗಿದ್ದು ನಿಜ. ಅದಕ್ಕೇ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇವೆ.

ಕಳೆದ ಅಡಿಕೆ ಕೊಯ್ಲು ಮುಗಿದ ಮೇಲೆ ಒಬ್ಬ ಕೊನೆಗಾರರು ಬೆಲ್ಟ್ ತಂದರು. ಅದು ನಮ್ಮಲ್ಲೇ ಕೊಂಡದ್ದು. ಎರಡು ವರ್ಷದ ಹಿಂದೆ ತೊಡೆಯ ಪಟ್ಟಿ ಸವೆದಾಗ ನಾವೇ ಹೊಸ ಹೊಲಿಗೆ ಹಾಕಿ ಕೊಟ್ಟಿದ್ದೆವು. ಈಗ ಬಕಲ್ ಬಿಗಿಯಾಗಿದೆ, ಸ್ವಲ್ಪ ನೋಡಿ ಅಂದರು. ಬಕಲ್ ಬಿಚ್ಚಿ ಪಟ್ಟಿ ಹೊರಗೆ ಎಳೆದೆವು. ಮಡಿಕೆಯ ಒಳಗೆ ತಿಳಿನೀಲಿ ಪುಡಿ ಗಟ್ಟಿಯಾಗಿ ಕೂತಿತ್ತು. ಬೋರ್ಡೋ ಒಣಗಿದ ಕರೆ. ಆ ಜಾಗದಲ್ಲಿ ಪಟ್ಟಿಯನ್ನು ಬೆರಳಲ್ಲಿ ಬಗ್ಗಿಸಿದರೆ ಮೇಲಿನ ಎಳೆಗಳು ಸಣ್ಣ ಕೂದಲಿನ ಹಾಗೆ ಎದ್ದು ನಿಂತವು.

ಕೊಟ್ಟಿಗೆಯ ತೊಲೆಗೆ ಕಟ್ಟಿರುವ ಚೈನ್ ಪುಲ್ಲಿ ನಿಮಗೆ ಗೊತ್ತು. ಅದಕ್ಕೆ ನೇತು ಹಾಕುವ ತೂಕದ ಯಂತ್ರ ಒಂದು ಟನ್‌ವರೆಗೆ ತೋರಿಸುತ್ತದೆ. ಆ ಬೆಲ್ಟನ್ನು ಅದಕ್ಕೆ ಹಾಕಿ ಜಗ್ಗಿದೆವು. ನಾವು ಹಾಕಿದ ಹೊಲಿಗೆ ಅಲುಗಾಡಲಿಲ್ಲ. ಹೊಲಿಗೆಯಿಂದ ನಾಲ್ಕು ಬೆರಳು ದೂರದಲ್ಲಿ, ಆ ನೀಲಿ ಕರೆ ಇದ್ದ ಕಡೆ, ಪಟ್ಟಿ ಹಳೇ ಗೋಣಿಯ ಹಾಗೆ ಹರಿಯಿತು. ಯಂತ್ರ ತೋರಿಸಿದ್ದು 310 ಕಿಲೋ. ಅದೇ ಜಾತಿಯ ಹೊಸ ಪಟ್ಟಿ ಹಾಕಿ ಜಗ್ಗಿದರೆ ಯಂತ್ರದ ಕೊನೆಯವರೆಗೂ ಹೋಯಿತು, ಏನೂ ಆಗಲಿಲ್ಲ. ಬೆಲ್ಟ್ ತಂದವರು ಅಲ್ಲೇ ನಿಂತು ನೋಡುತ್ತಿದ್ದರು. ಆ ಬೆಲ್ಟ್ ಹಾಕಿಕೊಂಡೇ ಅವರು ಆ ವರ್ಷದ ಕೊಯ್ಲು ಪೂರ್ತಿ ಮುಗಿಸಿದ್ದರು. ಅವರು ಏನೂ ಮಾತಾಡಲಿಲ್ಲ. ನಮಗೂ ಮಾತು ಬರಲಿಲ್ಲ.

70 ಕಿಲೋ ಮನುಷ್ಯನಿಗೆ 310 ಕಿಲೋ ಸಾಕಲ್ವಾ ಅಂತ ಆಮೇಲೆ ಕೆಲವರು ಕೇಳಿದರು. ಸುಮ್ನೆ ತೂಗಾಡಿದರೆ ಸಾಕು. ಬಿದ್ದರೆ ಸಾಲದು. ಕಾಲು ಜಾರಿ ನಾಲ್ಕಡಿ ಬಿದ್ದು ಹಗ್ಗ ಥಟ್ಟನೆ ಹಿಡಿದಾಗ ಬೀಳುವ ಜಗ್ಗು ಮೈಭಾರದ ಎಷ್ಟೋ ಪಟ್ಟು ಇರುತ್ತದೆ. ಹಗ್ಗದ ಜೊತೆ ಮಡಚಿದ ಪಟ್ಟಿಯ ಒಂದು ಸಣ್ಣ ಚೀಲ ಇರುತ್ತದಲ್ಲ, ಅದು ಇರುವುದೇ ಇದಕ್ಕೆ. ಬಿದ್ದಾಗ ಅದರ ಹೊಲಿಗೆ ಒಂದೊಂದೇ ಬಿಚ್ಚಿಕೊಂಡು ಜಗ್ಗನ್ನು ತಾನು ತಿನ್ನುತ್ತದೆ. ಅದು ಕೆಲಸ ಮಾಡಿದ ಮೇಲೂ ಮೈಮೇಲೆ ಬೀಳುವ ಜಗ್ಗು 6 ಕಿಲೋನ್ಯೂಟನ್‌ವರೆಗೆ ಇರಬಹುದು ಎಂದು ಯುರೋಪಿನ ಇಎನ್ 355 ನಿಯಮ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ 600 ಕಿಲೋ. ಆ ಚೀಲ ಇಲ್ಲದ ಬರೀ ಹಗ್ಗವಾದರೆ ಇನ್ನೂ ಜಾಸ್ತಿ. 310 ಎಲ್ಲಿ, 600 ಎಲ್ಲಿ.

ಆದ್ದರಿಂದ ನಾವು ಕ್ಷಮೆ ಕೇಳಬೇಕು, ಕೇಳುತ್ತಿದ್ದೇವೆ. ನಮ್ಮ ಹೊಲಿಗೆ ಗಟ್ಟಿ ಅಂತ ನಮಗೆ ಹೆಮ್ಮೆ ಇತ್ತು, ಈಗಲೂ ಇದೆ. ಆದರೆ ಸತ್ತ ಪಟ್ಟಿಗೆ ಗಟ್ಟಿ ಹೊಲಿಗೆ ಹಾಕಿ ಕೊಟ್ಟಿದ್ದೆವು. ಬೆಲ್ಟ್ ಮಾಡಿದ ಕಂಪನಿಯವರು ಜೊತೆಗೆ ಕೊಡುವ ಪುಸ್ತಕದಲ್ಲಿ ಹೊರಗೆ ಹೊಲಿಸಬಾರದು ಅಂತ ಬರೆದೇ ಇರುತ್ತದೆ. ಅದು ಅವರ ವ್ಯಾಪಾರದ ಮಾತು ಅಂದುಕೊಂಡಿದ್ದೆವು. ಅದು ನಮ್ಮ ತಪ್ಪು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಈ ಎರಡು ತಿಂಗಳಲ್ಲಿ ಫೋನಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಕೂಡ ಕೇಳಿದ್ದಾರೆ: "ನೋಡಕ್ಕೆ ಹೊಸತರ ಹಾಗೇ ಇದೆ. ಐದು ವರ್ಷ ಆಯ್ತು ಅಂತ ಬಿಸಾಡೋದಾ? ಕಾರಿನ ಸೀಟ್ ಬೆಲ್ಟ್ ಹದಿನೈದು ವರ್ಷ ಬರಲ್ವಾ?"

ಬರುತ್ತದೆ. ಕಾರಿನ ಬೆಲ್ಟ್ ಕಾರಿನ ಒಳಗೆ ಇರುತ್ತದೆ. ಮಳೆ ಇಲ್ಲ, ಅಡಿಕೆ ಮರದ ಉಜ್ಜಾಟ ಇಲ್ಲ, ಅದರ ಮೇಲೆ ಯಾರೂ ಮೈಲುತುತ್ತ (ತಾಮ್ರದ ಸಲ್ಫೇಟ್) ಚೆಲ್ಲುವುದಿಲ್ಲ. ನಮ್ಮ ಬೆಲ್ಟಿನ ಬದುಕು ಬೇರೆ. ಮಳೆಗಾಲಕ್ಕೆ ಮುಂಚೆ ಒಂದು ಔಷಧಿ, ಸುಮಾರು 40 ದಿನ ಬಿಟ್ಟು ಇನ್ನೊಂದು, ಮಳೆ ಜಾಸ್ತಿ ಆದರೆ ಮೂರನೆಯದು. ಪ್ರತಿ ಸಲ ಸ್ಪ್ರೇ ಗನ್ನಿನಿಂದ ಹಾರಿದ ಹನಿ ತಿರುಗಿ ಮೈಮೇಲೇ ಬೀಳುತ್ತದೆ. ಸಂಜೆ ಒದ್ದೆ ಬೆಲ್ಟ್ ಅಂಗಳದ ತಂತಿಯ ಮೇಲೆ. ಮಾರನೇ ದಿನ ಮತ್ತೆ ಮೈಮೇಲೆ.

ಬೋರ್ಡೋ ಮಾಡುವುದನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕೋ ಇಲ್ಲವೋ ಅಂತ ಚಾಕು ಅದ್ದಿ ನೋಡುತ್ತೀರಿ. ಕಬ್ಬಿಣಕ್ಕೆ ಕೆಂಪು ಬಣ್ಣ ಕೂತರೆ ಇನ್ನೂ ಸುಣ್ಣ ಬೇಕು, ಇಲ್ಲದಿದ್ದರೆ ಸಿಂಗಾರ (ಅಡಿಕೆಯ ಹೂಗೊಂಚಲು), ಎಳೆ ಕಾಯಿ ಸುಡುತ್ತದೆ. ಆ ಚಾಕುವಿಗೆ ಆಗಿದ್ದೇ ಬೆಲ್ಟಿನ ಬಕಲಿಗೂ ಆಗುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ಸುಣ್ಣ ಕಡಿಮೆಯಾದ ದ್ರಾವಣ ಹುಳಿ. ನೈಲಾನ್ ಪಟ್ಟಿಗೆ ಹುಳಿ ಆಗಿಬರುವುದಿಲ್ಲ. ಹಾಗಾದರೆ ಪಾಲಿಯೆಸ್ಟರ್ ಪಟ್ಟಿ ತರಿಸಿ ಅಂದವರಿದ್ದಾರೆ. ಅದಕ್ಕೆ ಸುಣ್ಣದ ಕ್ಷಾರ ಆಗಿಬರುವುದಿಲ್ಲ. ಹಗುರ ಅಂತ ಅಲ್ಯೂಮಿನಿಯಂ ಕೊಕ್ಕೆ ಕೇಳುತ್ತೀರಿ. ತಾಮ್ರದ ನೀರು ತಾಗಿದರೆ ಅಲ್ಯೂಮಿನಿಯಂ ಗುಳಿ ಗುಳಿಯಾಗಿ ತಿಂದು ಹೋಗುತ್ತದೆ. ಭಾರವಾದರೂ ಉಕ್ಕಿನ ಕೊಕ್ಕೆಯನ್ನೇ ನಾವು ಕೊಡುವುದು ಇದಕ್ಕೇ. ಇಷ್ಟರ ಮೇಲೆ ಬಿಸಿಲು. ಬಿಸಿಲಿಗೆ ನೂಲು ಒಳಗಿಂದ ಸೊರಗುತ್ತದೆ, ಬಣ್ಣ ಸ್ವಲ್ಪ ಮಾಸುತ್ತದೆ ಅಷ್ಟೇ, ಹೊರಗೆ ಏನೂ ಕಾಣುವುದಿಲ್ಲ. ಆ 310 ಕಿಲೋದ ಬೆಲ್ಟ್ ಕೂಡ ಹೊರಗಿನಿಂದ ಚೆನ್ನಾಗಿಯೇ ಇತ್ತು.

ಹೆಚ್ಚಿನ ಕಂಪನಿಗಳು ಬೆಲ್ಟಿಗೆ ತಯಾರಾದ ದಿನದಿಂದ 10 ವರ್ಷ ಅಂತ ಗರಿಷ್ಠ ಮಿತಿ ಹಾಕುತ್ತವೆ. ಕೆಮಿಕಲ್ ತಾಗಿದರೆ ಅದಕ್ಕಿಂತ ಎಷ್ಟೋ ಮೊದಲೇ ಬಿಡಿ ಅಂತಲೂ ಅದೇ ಪುಟದಲ್ಲಿ ಇರುತ್ತದೆ. ಔಷಧಿಗೆ ಹಾಕುವ ಬೆಲ್ಟಿಗೆ ನಾವು ಐದು ಅಂದದ್ದು ನಮ್ಮ ತೀರ್ಮಾನ, ನಮ್ಮ ಪುಲ್ಲಿಯ ಮೇಲೆ ಹರಿದದ್ದನ್ನು ನೋಡಿ ಮಾಡಿದ್ದು. ಬರೀ ಕೊನೆ ತೆಗೆಯಲು ಬಳಸುವವರು, ತೆಂಗಿಗೆ ಮಾತ್ರ ಹತ್ತುವವರು ವರ್ಷಕ್ಕೊಮ್ಮೆ ತಂದು ತೋರಿಸಿ. ಚೆನ್ನಾಗಿದ್ದರೆ ಹತ್ತು ವರ್ಷದವರೆಗೆ ಬಳಸಿ, ನಾವು ಬೇಡ ಅನ್ನುವುದಿಲ್ಲ. ಒಂದು ಸಲ ಬಿದ್ದು ಹಗ್ಗ ಹಿಡಿದಿದ್ದರೆ ಮಾತ್ರ, ಬೆಲ್ಟ್ ಕೊಂಡು ಒಂದೇ ದಿನವಾಗಿದ್ದರೂ, ಆ ಸೆಟ್ ಮುಗಿಯಿತು.

ಇನ್ನು ಬೆಲೆ. ಆನ್‌ಲೈನಿನಲ್ಲಿ ಅರ್ಧಕ್ಕೆ ಸಿಗುತ್ತದೆ ಅಂತ ಮೊಬೈಲ್ ತೋರಿಸುತ್ತೀರಿ. ಸಿಗುತ್ತದೆ, ನಾವೂ ತರಿಸಿ ನೋಡಿದ್ದೇವೆ. ಒಂದರಲ್ಲಿ ಗುರುತಿನ ಚೀಟಿ ಮೊದಲ ತೊಳೆತಕ್ಕೇ ಬಿಟ್ಟಿತು. ಯಾವ ತಿಂಗಳು ಮಾಡಿದ್ದು, ಯಾವ ಮಾನಕ, ಏನೂ ಉಳಿಯಲಿಲ್ಲ. ನಾವು ತರಿಸುವುದು ಐಎಸ್ 3521 (ಭಾರತದ ಮಾನಕ) ಅಥವಾ ಇಎನ್ 361 (ಯುರೋಪಿನ ಮಾನಕ) ಅಂತ ಪಟ್ಟಿಯ ಮೇಲೇ ಹೊಲಿದಿರುವ ಮಾಲು. ಅವರು ಐವತ್ತು ಸೆಟ್‌ಗಿಂತ ಕಡಿಮೆ ಕಳಿಸುವುದಿಲ್ಲ. ಹಣ ಮೊದಲೇ ಕೊಡಬೇಕು. ಲಾರಿ ಬಾಡಿಗೆ ನಮ್ಮದು. ಒಂದು ಸಲ ಬಂದ ಕೊಕ್ಕೆಗಳಲ್ಲಿ ಹದಿನಾಲ್ಕರ ಬಾಯಿ ಬಿಟ್ಟ ಮೇಲೆ ತಾನಾಗಿ ಮುಚ್ಚುತ್ತಿರಲಿಲ್ಲ. ತಿರುಗಿ ಕಳಿಸಿದೆವು, ಎರಡೂ ಕಡೆಯ ಬಾಡಿಗೆ ನಮ್ಮ ತಲೆಗೇ ಬಂತು. ಪ್ರತಿ ಲೋಡಿನಿಂದ ಒಂದು ಸೆಟ್ ತೆಗೆದು ಪುಲ್ಲಿಗೆ ಹಾಕಿ ಜಗ್ಗುತ್ತೇವೆ. ಹಾಗೆ ಜಗ್ಗಿದ ಸೆಟ್ ಮಾರುವ ಹಾಗಿಲ್ಲ. ಅದರ ಬೆಲೆ ಉಳಿದ 49ರ ಮೇಲೆ ಹಂಚಬೇಕು. ಇದೆಲ್ಲ ಕಳೆದು ಒಂದು ಸೆಟ್ಟಿನಲ್ಲಿ ನಮಗೆ ಉಳಿಯುವುದು ₹550. ದಪ್ಪ ಪಟ್ಟಿ ಹೊಲಿಯುವ ಮೆಷಿನ್ ಸಾಲದಲ್ಲಿ ತಂದದ್ದು, ಕಂತು ಇನ್ನೂ 11 ಬಾಕಿ ಇದೆ. ರಿಪೇರಿ ನಿಲ್ಲಿಸಿದರೆ ನಷ್ಟ ಯಾರಿಗೆ ಅಂತ ನೀವೇ ಹೇಳಿ. ಈಗ ಅದರಲ್ಲಿ ಕೊನೆಗಾರರು ಕೂರುವ ಮಣೆಯ ಮೆತ್ತೆ ಮತ್ತು ಕತ್ತಿಯ ಚೀಲ ಹೊಲಿಯುತ್ತಿದ್ದೇವೆ. ಅವು ಬೇಕಿದ್ದರೆ ಧಾರಾಳವಾಗಿ ಹೇಳಿ.

ಜೋಡಿ ಹಗ್ಗ ಯಾಕೆ ಅಂತ ಕೊನೆಗಾರರು ಕೇಳುವುದಿಲ್ಲ, ಯಜಮಾನರು ಕೇಳುತ್ತಾರೆ. ಮರದಿಂದ ಮರಕ್ಕೆ ದಾಟುವಾಗ ಏನಾಗುತ್ತದೆ ಅಂತ ಕೆಳಗೆ ನೇಣು (ಕೊನೆ ಇಳಿಸುವ ಹಗ್ಗ) ಹಿಡಿದು ನಿಂತವರು ನೋಡಿರುತ್ತೀರಿ. ಪಕ್ಕದ ಮರವನ್ನು ಎಳೆದು ಹಿಡಿದು, ಈ ಮರದ ಹಗ್ಗ ಬಿಚ್ಚಿ, ಆ ಮರಕ್ಕೆ ಹಾರುತ್ತಾರೆ. ಹಗ್ಗ ಒಂದೇ ಇದ್ದರೆ ಆ ಹೊತ್ತಿನಲ್ಲಿ ಬೆಲ್ಟ್ ಇದ್ದೂ ಇಲ್ಲದ ಹಾಗೆ. ಎರಡಿದ್ದರೆ ಆ ಮರಕ್ಕೆ ಒಂದು ಹಾಕಿಕೊಂಡ ಮೇಲೆ ಈ ಮರದ್ದು ಬಿಚ್ಚಬಹುದು. ಹಾಕುವಾಗ ಮರಕ್ಕೆ ಬರೀ ಸುತ್ತಿದರೆ ಸಾಲದು, ಕುಣಿಕೆ ಬಿಗಿಯಬೇಕು. ಅಡಿಕೆ ಮರ ನುಣುಪು. ಸಡಿಲ ಸುತ್ತು ಮನುಷ್ಯನ ಜೊತೆಗೇ ಕೆಳಗೆ ಬರುತ್ತದೆ. ಇದರಿಂದ ದಿನಕ್ಕೆ ಕೆಲವು ಮರ ಕಡಿಮೆಯಾಗುತ್ತದೆ, ಅದು ನಿಜ. ಮರದ ಲೆಕ್ಕದಲ್ಲಿ ಕೂಲಿ ಕೊಡುವ ಯಜಮಾನರು ದಯವಿಟ್ಟು ಅದನ್ನು ಮನಸ್ಸಿನಲ್ಲಿಟ್ಟು ರೇಟು ಮಾತಾಡಿ. ಬೆಲ್ಟಿನ ದುಡ್ಡು ಕೊಡುವವರು ಒಬ್ಬರು, ಹಾಕಿಕೊಂಡು 50 ಅಡಿ ಮೇಲೆ ಇರುವವರು ಇನ್ನೊಬ್ಬರು. ಈ ಮಾತು ಹೇಳಿದ್ದಕ್ಕೆ ಇಬ್ಬರು ಹಳೇ ಗ್ರಾಹಕರು ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ. ಮತ್ತೆ ಬಂದರೆ ಚಹಾ ಕುಡಿದುಕೊಂಡೇ ಮಾತಾಡೋಣ.

ಕೆಳಗೇ ನಿಂತು ಕೊನೆ ಕೊಯ್ಯುವ ಫೈಬರ್ ದೋಟಿ ಬಂದಿದೆ, ಮರ ಏರುವ ಬೈಕ್ ಬಂದಿದೆ, ಇನ್ನು ಬೆಲ್ಟ್ ಯಾಕೆ ಅನ್ನುವವರಿಗೆ ಒಂದೇ ಮಾತು. ದೋಟಿ ಒಳ್ಳೆಯದು, ಆಗುವ ಕಡೆ ಅದನ್ನೇ ಬಳಸಿ. ಬೈಕಿನಲ್ಲಿ ಹೋಗುವವರೂ ಬೆಲ್ಟ್ ಹಾಕಲೇಬೇಕು.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪ ಇದೆ. ಔಷಧಿ ಹೊಡೆದ ದಿನವೇ ಬೆಲ್ಟನ್ನು ಬರೀ ನೀರಿನಲ್ಲಿ ಚೆನ್ನಾಗಿ ಜಾಲಾಡಿ, ಬಕಲಿನ ಒಳಗಿನ ಮಡಿಕೆ ಬಿಡಿಸಿ ತೊಳೆಯಿರಿ. ನೆರಳಿನಲ್ಲಿ ಒಣಗಿಸಿ. ಒಲೆಯ ಮೇಲಿನ ಅಟ್ಟದಲ್ಲಿ, ಮೈಲುತುತ್ತದ ಚೀಲದ ಪಕ್ಕ, ಬ್ಯಾಟರಿಯ ಹತ್ತಿರ ಇಡಬೇಡಿ. ಹತ್ತುವ ಮೊದಲು ಪಟ್ಟಿಯನ್ನು ಇಂಚಿಂಚೂ ಬಗ್ಗಿಸಿ ನೋಡಿ. ಎಳೆ ಎದ್ದರೆ, ಪಟ್ಟಿ ಹಪ್ಪಳದ ಹಾಗೆ ಗಟ್ಟಿಯಾಗಿದ್ದರೆ ಅಂದು ಹತ್ತಬೇಡಿ. ನಮಗೆ ಫೋನ್ ಮಾಡಿ. ರಾತ್ರಿ ಮಾಡಿದರೂ ಪರವಾಗಿಲ್ಲ, ಎತ್ತುತ್ತೇವೆ.

ಹಳೇ ಬೆಲ್ಟ್ ತಂದವರಿಗೆ ಹೊಸ ಸೆಟ್ಟಿನಲ್ಲಿ ₹600 ಬಿಡುತ್ತೇವೆ. ಬೇರೆ ಕಡೆ ಕೊಂಡದ್ದಾದರೂ ಸರಿ. ಒಟ್ಟಿಗೆ ಕೊಡಲು ಕಷ್ಟ ಇರುವ ಕೊನೆಗಾರರು ಸಂಕೋಚ ಬಿಟ್ಟು ಹೇಳಿ, ಕೊಯ್ಲು ಮುಗಿಯುವವರೆಗೆ ಮೂರು ಕಂತು ಮಾಡೋಣ, ಬಡ್ಡಿ ಇಲ್ಲ. ಹಳೆಯದನ್ನು ನಿಮ್ಮ ಎದುರೇ ಕತ್ತರಿಸುತ್ತೇವೆ. "ಎಮ್ಮೆ ಕಟ್ಟೋಕಾದ್ರೂ ಕೊಡಿ" ಅಂತ ಕೇಳುತ್ತೀರಿ. ತುಂಡು ಮಾಡಿ ಕೊಡುತ್ತೇವೆ. ಇಡೀ ಬೆಲ್ಟ್ ಕೊಡುವುದಿಲ್ಲ, ಯಾಕೆಂದರೆ ಅದು ಮುಂದಿನ ವರ್ಷ ಯಾರದೋ ಮಗನ ಸೊಂಟಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ಅವಸರದ್ದು ಇದು. ಕಳೆದ ಮೂರು ವರ್ಷದಲ್ಲಿ ನಾವು ಹೊಲಿದು ಕೊಟ್ಟ ಬೆಲ್ಟ್ 61 ಅಂತ ನಮ್ಮ ಪುಸ್ತಕದಲ್ಲಿದೆ. ಫೋನ್ ಮಾಡಿ, ಮನೆಗೆ ಹೋಗಿ 38 ವಾಪಸ್ ತಂದಿದ್ದೇವೆ. ಅವರಿಗೆ ಹೊಲಿಗೆಯ ದುಡ್ಡು ತಿರುಗಿ ಕೊಟ್ಟಿದ್ದೇವೆ. ಇನ್ನೂ 23 ಉಳಿದಿವೆ. ಕೆಲವರ ನಂಬರ್ ಬದಲಾಗಿದೆ, ಕೆಲವರು ಬೆಲ್ಟನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ನಮ್ಮ ಹೊಲಿಗೆಯ ಗುರುತು ನಿಮಗೆ ಗೊತ್ತು, ಹಳದಿ ನೂಲು, ಅಡ್ಡಗೆರೆ ಹಾಕಿದ ಚೌಕ. ಅಂಥ ಬೆಲ್ಟ್ ನಿಮ್ಮ ಮನೆಯಲ್ಲಿ, ನಿಮ್ಮ ತೋಟಕ್ಕೆ ಬರುವ ಕೊನೆಗಾರರ ಹತ್ತಿರ, ಅಕ್ಕಪಕ್ಕದ ಊರಲ್ಲಿ ಎಲ್ಲಿ ಕಂಡರೂ ತಿಳಿಸಿ. ತರಲು ಪುರುಸೊತ್ತು ಇಲ್ಲದಿದ್ದರೆ ನಾವೇ ಬಂದು ಒಯ್ಯುತ್ತೇವೆ. ಮೊದಲ ಔಷಧಿಗೆ ಮುಂಚೆ ಈ 23 ನಮ್ಮ ಕೈಗೆ ಬರಬೇಕು. ಮೇ ತಿಂಗಳು ಪೂರ್ತಿ ಭಾನುವಾರವೂ ಬಾಗಿಲು ತೆಗೆದಿರುತ್ತದೆ.

ಇಂತಿ ನಿಮ್ಮ,
ಅಂಗಡಿಯ ಎಲ್ಲರೂ