ಹಾಡಿನ ಹಿಂದಿನ ನಾಲ್ವರ ಹೆಸರೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸೋಲ್ (soul) ಎಂಬ ಜನಪ್ರಿಯ ಸಂಗೀತದ ಬಗ್ಗೆ ಕನ್ನಡದಲ್ಲಿ ಬರುವ ಅಲ್ಪಸ್ವಲ್ಪ ಬರಹಗಳಲ್ಲಿ ಓಟಿಸ್ ರೆಡ್ಡಿಂಗ್, ವಿಲ್ಸನ್ ಪಿಕೆಟ್ ಮುಂತಾದ ಗಾಯಕರ ಹೆಸರುಗಳು ಇರುತ್ತವೆಯೇ ಹೊರತು, ಅವರ ಬೆನ್ನಿಗೆ ನಿಂತು ನುಡಿಸಿದವರ ಹೆಸರು ಕಾಣುವುದು ಅಪರೂಪ. ಗಿಟಾರ್ ವಾದಕ ಸ್ಟೀವ್ ಕ್ರಾಪರ್ 2025ರ ಡಿಸೆಂಬರ್‌ನಲ್ಲಿ ತೀರಿಕೊಂಡ ಮೇಲೆ, 'ಬುಕರ್ ಟಿ. ಅಂಡ್ ದಿ ಎಂ.ಜಿ.ಸ್' ವಾದ್ಯವೃಂದದ ಪ್ರಸಿದ್ಧ ನಾಲ್ವರಲ್ಲಿ ಆರ್ಗನ್ ವಾದಕ ಬುಕರ್ ಟಿ. ಜೋನ್ಸ್ ಒಬ್ಬರೇ ಉಳಿದಿದ್ದಾರೆ. ಈ ವೃಂದದ ಸಾಧನೆಯನ್ನು ಕನ್ನಡ ಓದುಗರ ಗಮನಕ್ಕೆ ತರಬೇಕೆಂಬ ಹಂಬಲದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೆಂಫಿಸ್ ನಗರದ ಮೆಕ್‌ಲೆಮೋರ್ ರಸ್ತೆಯಲ್ಲಿದ್ದ ಹಳೆಯ ಚಿತ್ರಮಂದಿರವೊಂದನ್ನು ಜಿಮ್ ಸ್ಟೂವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಧ್ವನಿಮುದ್ರಣ ಕೇಂದ್ರವಾಗಿ ಮಾರ್ಪಡಿಸಿದರು. ಇಬ್ಬರ ಕುಲನಾಮಗಳ ಮೊದಲಕ್ಷರಗಳು (St, Ax) ಕೂಡಿ ಅದು ಸ್ಟ್ಯಾಕ್ಸ್ ಎನಿಸಿಕೊಂಡಿತು. ಚಿತ್ರಮಂದಿರದ ಇಳಿಜಾರು ನೆಲ ಹಾಗೆಯೇ ಉಳಿಯಿತು, ತಿನಿಸು ಮಾರುತ್ತಿದ್ದ ಜಾಗದಲ್ಲಿ ಎಸ್ಟೆಲ್ ಅವರ ರೆಕಾರ್ಡ್ ಅಂಗಡಿ ಬಂತು. 1962ರಲ್ಲಿ ಗಾಯಕರೊಬ್ಬರ ಮುದ್ರಣ ನಡೆಯದೆ ಹೋದಾಗ, ಬಿಡುವಿನಲ್ಲಿ ಸುಮ್ಮನೆ ನುಡಿಸುತ್ತ ಕುಳಿತ ಈ ವೃಂದದ ವಾದಕರಿಂದ ಹುಟ್ಟಿದ್ದೇ 'ಗ್ರೀನ್ ಆನಿಯನ್ಸ್'. ಆಗ ಬುಕರ್ ಟಿ. ಅವರಿಗೆ 17 ವರ್ಷ. ಮಾತಿಲ್ಲದ ಆ ವಾದ್ಯಸಂಗೀತ ಅಮೆರಿಕದ ಜನಪ್ರಿಯ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು.

ಬುಕರ್ ಟಿ. ಮತ್ತು ಡ್ರಮ್ಸ್ ನುಡಿಸುತ್ತಿದ್ದ ಆಲ್ ಜಾಕ್ಸನ್ ಕಪ್ಪು ಜನಾಂಗದವರು; ಕ್ರಾಪರ್ ಬಿಳಿಯರು; ಲೂಯಿ ಸ್ಟೈನ್‌ಬರ್ಗ್ ಅವರ ನಂತರ ಬೇಸ್ ಗಿಟಾರ್ ಹಿಡಿದ ಡೊನಾಲ್ಡ್ 'ಡಕ್' ಡನ್ ಸಹ ಬಿಳಿಯರು. ಊರಿನ ಹೋಟೆಲುಗಳಲ್ಲಿ ಒಂದೇ ಮೇಜಿನ ಮುಂದೆ ಕುಳಿತು ಉಣ್ಣಲಾಗದಿದ್ದ ಕಾಲದಲ್ಲಿ ಇವರು ಪ್ರತಿದಿನ ಒಂದೇ ಕೋಣೆಯಲ್ಲಿ ಕುಳಿತು ನುಡಿಸಿದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಲೊರೇನ್ ಮೋಟೆಲ್, ಸ್ಟ್ಯಾಕ್ಸ್‌ನ ಕಲಾವಿದರು ತಂಗಿ ಹಾಡು ಕಟ್ಟುತ್ತಿದ್ದ ಜಾಗವೂ ಆಗಿತ್ತು. ಆ ಸಾವಿನ ನಂತರ ಸ್ಟ್ಯಾಕ್ಸ್‌ನ ಒಳಗೂ ವಾತಾವರಣ ಮೊದಲಿನಂತೆ ಉಳಿಯಲಿಲ್ಲ.

ಇವರ ವಾದನದ ಗುಟ್ಟು ಕಡಿಮೆ ನುಡಿಸುವುದರಲ್ಲಿದೆ. ಪಿಕೆಟ್ ಅವರ 1965ರ 'ಇನ್ ದ ಮಿಡ್‌ನೈಟ್ ಅವರ್' ಹಾಡನ್ನು ಗಮನವಿಟ್ಟು ಕೇಳಿದರೆ ಎರಡನೆಯ ಮತ್ತು ನಾಲ್ಕನೆಯ ಎಣಿಕೆಯ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುವುದು ತಿಳಿಯುತ್ತದೆ. ಒಬ್ಬರೇ ಹಾಗೆ ತಡಮಾಡಿದ್ದರೆ ತಾಳ ತಪ್ಪಿದಂತೆ ಕೇಳಿಸುತ್ತಿತ್ತು. ಜಾಕ್ಸನ್ ಮತ್ತು ಕ್ರಾಪರ್ ಇಬ್ಬರೂ ಒಂದೇ ಅಳತೆಯಲ್ಲಿ ಹಿಂದೆ ಸರಿದದ್ದರಿಂದ ಹಾಡಿಗೆ ಒಂದು ಹದವಾದ ತೂಗಾಟ ಬಂತು. ಕಾಲಪ್ರಮಾಣದ ಮೇಲೆ ಇಂತಹ ಹಿಡಿತ ವರ್ಷಗಟ್ಟಲೆ ಜೊತೆಗೆ ನುಡಿಸಿದವರಿಗೆ ಮಾತ್ರ ದಕ್ಕುತ್ತದೆ ಎಂಬುದನ್ನು ಮೃದಂಗ ಕೇಳಿ ಬೆಳೆದ ನಮ್ಮವರಿಗೆ ವಿವರಿಸಬೇಕಿಲ್ಲ. ರೆಡ್ಡಿಂಗ್ ಅವರ 'ಡಾಕ್ ಆಫ್ ದ ಬೇ' ಹಾಡನ್ನು ಅವರ ಜೊತೆ ಕಟ್ಟಿದ್ದು ಇದೇ ಕ್ರಾಪರ್. 1967ರ ಡಿಸೆಂಬರ್ 10ರಂದು ರೆಡ್ಡಿಂಗ್ ವಿಮಾನ ಅಪಘಾತದಲ್ಲಿ ಮಡಿದಾಗ, ಗೆಳೆಯನನ್ನು ಕಳೆದುಕೊಂಡ ದುಃಖದಲ್ಲೇ ಅದನ್ನು ಪೂರ್ಣಗೊಳಿಸಿದ್ದೂ ಅವರೇ. ಆ ಹಾಡು 1968ರಲ್ಲಿ ಮೊದಲ ಸ್ಥಾನಕ್ಕೇರಿತು.

ಸ್ವಂತದ ಆಲ್ಬಂಗಳಲ್ಲಿ 1971ರ 'ಮೆಲ್ಟಿಂಗ್ ಪಾಟ್' ನನಗೆ ಎಲ್ಲಕ್ಕಿಂತ ಮೇಲಾಗಿ ಕಾಣುತ್ತದೆ. ಎಂಟು ನಿಮಿಷಕ್ಕೂ ಮೀರಿದ ಅದರ ಶೀರ್ಷಿಕೆ ವಾದನದಲ್ಲಿ ಸೋಲ್‌ನ ಸಂಯಮ, ತಾಳವೇ ಮುಂದಾಗುವ ಫಂಕ್ ಶೈಲಿಯ ಕಾವಿಗೆ ತಿರುಗುವುದನ್ನು ಕಿವಿಯಾರೆ ಕೇಳಬಹುದು. ಅಷ್ಟರಲ್ಲಿ ಬುಕರ್ ಟಿ. ಸ್ಟ್ಯಾಕ್ಸ್‌ನಿಂದ ದೂರವಾಗಿದ್ದರು. 1975ರಲ್ಲಿ ಜಾಕ್ಸನ್ ಕೊಲೆಯಾದರು, ಅದೇ ವರ್ಷದ ಕೊನೆಗೆ ಸ್ಟ್ಯಾಕ್ಸ್ ದಿವಾಳಿಯಾಯಿತು. ಕಟ್ಟಡವನ್ನು 1989ರಲ್ಲಿ ಕೆಡವಿದರು. ಅದೇ ಜಾಗದಲ್ಲಿ 2003ರಲ್ಲಿ ವಸ್ತುಸಂಗ್ರಹಾಲಯ ತೆರೆದದ್ದು ಸಮಾಧಾನದ ಸಂಗತಿ. 1992ರಲ್ಲಿ ವೃಂದಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಂದಿತು.

ಶಾಸ್ತ್ರೀಯ ಸಂಗೀತ ಕಛೇರಿಯ ವಿಮರ್ಶೆಯಲ್ಲಿ ಪಿಟೀಲು, ಮೃದಂಗ, ಘಟ ನುಡಿಸಿದವರ ಹೆಸರುಗಳನ್ನು ಬರೆಯುವ ಒಳ್ಳೆಯ ರೂಢಿ ನಮ್ಮ ಪತ್ರಿಕೆಗಳಲ್ಲಿದೆ. ಚಿತ್ರಗೀತೆಯ ಬಗೆಗಾಗಲಿ ಹೊರದೇಶದ ಸಂಗೀತದ ಬಗೆಗಾಗಲಿ ಬರೆಯುವಾಗಲೂ ಆ ರೂಢಿಯನ್ನು ಪಾಲಿಸಬೇಕೆಂದು, ಗಾಯಕರ ಚಿತ್ರದ ಕೆಳಗೆ ಒಂದು ಸಾಲಿನಷ್ಟಾದರೂ ಜಾಗವನ್ನು ವಾದಕರಿಗೆ ಕೊಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಓರ್ವ ಸಂಗೀತಪ್ರಿಯ, ಮೈಸೂರು