ಮಗಳಿಗೊಂದು ಪತ್ರ: ನನ್ನ ಓಟು ಎರಡನೇ ಪಟ್ಟಿಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಬೈಬಲ್ ನಾಡಿನ ಎರಡೂ ಟೂರ್ ಪಟ್ಟಿಗಳನ್ನು ಅಪ್ಪ, ನಾನು ಕೂತು ಓದಿದೆವು. ಮೊದಲನೆಯದರಲ್ಲಿ ಜೋರ್ಡನ್, ಇಸ್ರೇಲ್, ಈಜಿಪ್ಟ್ ಮೂರೂ ಇವೆ, ದಿನಕ್ಕೆ ಆರೇಳು ಜಾಗ. ಎರಡನೆಯದರಲ್ಲಿ ಗಲಿಲಾಯ, ಯೆರೂಸಲೇಮ್, ಬೇತ್ಲೆಹೇಮ್ ಅಷ್ಟೇ. ಜೊತೆಗೆ ಪುರಾತತ್ವ ಕಲಿಸುವ ಮೇಷ್ಟ್ರೊಬ್ಬರು ಬರುತ್ತಾರೆ. ಪಿರಮಿಡ್ ಇಲ್ಲವಲ್ಲ ಅಂತ ಅಪ್ಪನಿಗೆ ಬೇಜಾರು. ನನ್ನ ಓಟು ಎರಡನೆಯದಕ್ಕೆ.

ನಾವು ಚರ್ಚ್ ಸಭೆಯವರ ಜೊತೆ ಹೋದದ್ದು ಮೊದಲನೇ ತರಹದ ಟೂರು. ಇಳಿ, ಪ್ರಾರ್ಥನೆ ಮಾಡು, ಫೋಟೋ ತೆಗೆಸಿಕೋ, ಬಸ್ಸು ಹತ್ತು. ಮೃತ ಸಮುದ್ರದಲ್ಲಿ ತೇಲಿದ್ದು, ಅಂಗಡಿಯಲ್ಲಿ ಆಲಿವ್ ಮರದ ಶಿಲುಬೆ ಕೊಂಡದ್ದು ಬಿಟ್ಟರೆ ಎಷ್ಟೋ ಊರುಗಳು ಈಗ ಒಂದರೊಳಗೊಂದು ಕಲಸಿಹೋಗಿವೆ. ಕಾಲಿಟ್ಟು ನಡೆದ ಜಾಗಗಳು ಮಾತ್ರ ಹಾಗೇ ನೆನಪಿವೆ.

ಯೆರೂಸಲೇಮಿನಲ್ಲಿ ಯೆಹೂದದ ಅರಸ ಹಿಜ್ಕೀಯನ ಸುರಂಗವನ್ನೇ ತಗೋ. ಬೈಬಲಿನ 2 ಅರಸುಗಳು 20:20ರಲ್ಲಿ ಅವನು ಊರೊಳಗೆ ನೀರು ತಂದ ಅಂತ ಅರ್ಧ ಸಾಲು ಇದೆ. ಆ ಅರ್ಧ ಸಾಲು ಅಲ್ಲಿ 533 ಮೀಟರ್ ಉದ್ದದ ಬಂಡೆಯ ಸುರಂಗ! ಅಶ್ಶೂರದ ಸೈನ್ಯ ಬಂದು ಮುತ್ತಿದರೆ ಗೋಡೆಯ ಹೊರಗಿನ ಗೀಹೋನ್ ಬುಗ್ಗೆ ಶತ್ರುಗಳ ಪಾಲಾಗುತ್ತದೆ. ಅದಕ್ಕೇ ಬಂಡೆ ಕೊರೆದು ನೀರನ್ನು ಒಳಗಿನ ಸಿಲೋವ ಕೊಳಕ್ಕೆ ತಿರುಗಿಸಿದರು. ಒಳಗೆ ದೀಪ ಇಲ್ಲ. ನೀರು ಕೆಲವು ಕಡೆ ಮೊಣಕಾಲು ದಾಟುತ್ತದೆ, ಕೊರೆಯುವಷ್ಟು ತಣ್ಣಗೆ. ಭುಜ ಎರಡೂ ಕಡೆ ಗೋಡೆಗೆ ತಾಗುತ್ತದೆ. ಟಾರ್ಚ್ ಹಿಡಿದರೆ ಉಳಿಯ ಗೀರುಗಳು ಕಾಣುತ್ತವೆ. ಎರಡು ತಂಡಗಳು ಎರಡು ತುದಿಯಿಂದ ಕೊರೆಯುತ್ತಾ, ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿ ನಡುವೆ ಸೇರಿದರಂತೆ. ಇದನ್ನು ಸುರಂಗದ ಗೋಡೆಯಲ್ಲೇ ಕೆತ್ತಿದ್ದರು. ಆ ಬರಹ 1880ರಲ್ಲಿ ಸಿಕ್ಕಿತು, ಕಲ್ಲು ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಅಪ್ಪ ನೀರು ನೋಡಿಯೇ ಪಕ್ಕದ ಒಣ ಸುರಂಗದಲ್ಲಿ ಹೋದರು. ನೀನು ಮಾತ್ರ ನೀರಿಗೇ ಇಳಿ. ನೆನೆದರೂ ಪರವಾಗಿಲ್ಲ ಅನ್ನುವ ಚಪ್ಪಲಿ ಇರಲಿ.

ಯೆರೂಸಲೇಮಿನಿಂದ ಯೆರಿಕೋಗೆ ಹೋಗುವಾಗ ಬಸ್ಸಿನಲ್ಲಿ ನಿದ್ದೆ ಮಾಡಬೇಡ. ಯೇಸು ಹೇಳಿದ ಒಳ್ಳೆಯ ಸಮಾರ್ಯನ ಕಥೆಯಲ್ಲಿ, ಕಳ್ಳರ ಕೈಗೆ ಸಿಕ್ಕ ಆ ಮನುಷ್ಯ ‘ಇಳಿದು’ ಹೋಗುತ್ತಿದ್ದ ಅಂತ ಯಾಕಿದೆ ಅಂತ ಕಿಟಕಿಯಲ್ಲೇ ಗೊತ್ತಾಗುತ್ತದೆ. ಸುಮಾರು ಸಾವಿರ ಮೀಟರ್ ಇಳಿಜಾರು. ಆಗುಂಬೆ ಘಾಟಿಯಿಂದ ಕಾಡನ್ನೆಲ್ಲ ಕಿತ್ತುಹಾಕಿದ ಹಾಗಿದೆ. ಕಳ್ಳರು ಅಡಗಿ ಕೂರಲು ಅದಕ್ಕಿಂತ ಒಳ್ಳೆ ಜಾಗ ಬೇಕಾ?

ಗಲಿಲಾಯ ಸರೋವರದ ದಡದ ಕಪೆರ್ನೌಮಿನಲ್ಲಿ ಎಲ್ಲರೂ ಯೆಹೂದ್ಯರ ಹಳೇ ಸಭಾಮಂದಿರದ ಬಿಳಿ ಕಂಬಗಳ ಮುಂದೆ ಫೋಟೋಗೆ ನಿಲ್ಲುತ್ತಾರೆ. ನೀನು ಬಗ್ಗಿ ಅಡಿಪಾಯ ನೋಡು. ಬಿಳಿ ಕಲ್ಲಿನ ಕಟ್ಟಡ ನಾಲ್ಕು-ಐದನೇ ಶತಮಾನದ್ದು. ಅದರ ಕೆಳಗೆ ಕಪ್ಪು ಕಲ್ಲಿನ ಸಾಲು ಬೇರೆಯೇ ಇದೆ. ಯೇಸು ಬೋಧಿಸಿದ ಕಾಲದ ಕಟ್ಟಡ ಅದೇ ಇರಬೇಕು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಹತ್ತಿರದ ಗಿನೋಸಾರ್‌ನಲ್ಲಿ ಒಂದು ದೋಣಿಯೂ ಇದೆ. 1986ರ ಬರಗಾಲದಲ್ಲಿ ಸರೋವರ ಬತ್ತಿದಾಗ ಮೀನುಗಾರ ಅಣ್ಣತಮ್ಮಂದಿರಿಗೆ ಕೆಸರಲ್ಲಿ ಸಿಕ್ಕಿದ್ದು. ಸುಮಾರು ಎರಡು ಸಾವಿರ ವರ್ಷ ಹಳೆಯದು. ಯೇಸುವಿನ ದೋಣಿ ಅಂತ ಅಂಗಡಿಯವರು ಹೇಳುತ್ತಾರೆ, ಅದನ್ನು ನಂಬಬೇಡ. ಯೇಸುವಿನ ಶಿಷ್ಯನಾದ ಮೀನುಗಾರ ಪೇತ್ರನಂಥವರು ಎಂಥ ದೋಣಿಯಲ್ಲಿ ಹೋಗುತ್ತಿದ್ದರು ಅಂತ ತಿಳಿಯುತ್ತದೆ, ಅಷ್ಟೇ ಸಾಕಲ್ವಾ?

ಬೇತ್ಲೆಹೇಮ್ ಇರುವುದು ಪ್ಯಾಲೆಸ್ಟೀನ್ ಆಡಳಿತದಲ್ಲಿ. ಚೆಕ್‌ಪೋಸ್ಟ್, ಎತ್ತರದ ಗೋಡೆ ದಾಟಿ ಹೋಗಬೇಕು. ಅಲ್ಲಿನ ಕ್ರೈಸ್ತರು ಅರಬ್ಬಿಯಲ್ಲಿ ಪ್ರಾರ್ಥನೆ ಮಾಡುತ್ತಾರೆ. ಅವರ ಜೊತೆ ಮಾತಾಡದೆ ಬರಬೇಡ. ಹಳೇ ಕಲ್ಲುಗಳನ್ನು ನೋಡಿ, ಬದುಕಿರುವವರನ್ನು ನೋಡದೆ ಬರುವ ಟೂರು ನನಗೆ ಹಿಡಿಸುವುದಿಲ್ಲ. ಹೊರಡುವ ಮೊದಲು ನಮ್ಮ ವಿದೇಶಾಂಗ ಇಲಾಖೆ ಏನು ಹೇಳಿದೆ ಅಂತ ನೋಡು. ಬೇಡ ಅಂದಿದ್ದರೆ ಬೇಡ, ಮುಂದಿನ ವರ್ಷ ಹೋದರಾಯಿತು.

ಇನ್ನೊಂದು ಆಸೆ. ಪ್ರವಾದಿ ಎಲೀಯನ ಕರ್ಮೆಲ್ ಬೆಟ್ಟದ ಬುಡದಲ್ಲೇ ಹೈಫಾ ಊರಿದೆ. 1918ರ ಸೆಪ್ಟೆಂಬರ್ 23ರಂದು ಅದನ್ನು ತುರ್ಕರಿಂದ ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಫಿರಂಗಿ ಹಿಡಿಯಲು ಅವರ ಒಂದು ತುಕಡಿ ಆ ಬೆಟ್ಟವನ್ನೇ ಹತ್ತಿತ್ತು. ಊರಲ್ಲಿ ಭಾರತೀಯ ಸೈನಿಕರ ಸಮಾಧಿಗಳಿವೆ. ಎರಡನೇ ಪಟ್ಟಿಯಲ್ಲಿ ಹೈಫಾ ಇಲ್ಲ. ಅಡ್ವಾನ್ಸ್ ಕಟ್ಟುವ ಮೊದಲೇ ಅರ್ಧ ದಿನ ಸೇರಿಸುತ್ತಾರಾ ಅಂತ ಕೇಳು. ಕಟ್ಟಿದ ಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಿನ್ನ
ಅಮ್ಮ